ವಾಗ್ದಾನ ಕಾರ್ಡ್‌ನಲ್ಲಿ ಬಾರದ ಕೀರ್ತನೆ

ಇವತ್ತಿನ ಎಪಿಸೋಡ್ ಲಿಂಗರಾಜಪುರದಿಂದ ಶುರುವಾಗಿ ಬಳ್ಳಾರಿ, ಮಂಗಳೂರು, ಜರ್ಮನಿ ಎಲ್ಲಾ ಸುತ್ತಿ ಬರುತ್ತೆ. ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ.

ಡಿಸೆಂಬರ್ 31ರ ರಾತ್ರಿ ಹನ್ನೊಂದಕ್ಕೆ ಲಿಂಗರಾಜಪುರದ ಒಳರಸ್ತೆಗಳಲ್ಲಿ ಓಡಾಡಿದರೆ ಎಂ.ಜಿ. ರೋಡಿನ ಗಲಾಟೆಗೆ ಸಂಬಂಧವೇ ಇಲ್ಲದ ಇನ್ನೊಂದು ಹೊಸ ವರ್ಷ ಕಾಣುತ್ತೆ. ಜನ ಹೊಸ ಬಟ್ಟೆ ಹಾಕಿಕೊಂಡು, ನಿದ್ದೆಗಣ್ಣಿನ ಮಕ್ಕಳನ್ನ ಎತ್ತಿಕೊಂಡು ಚರ್ಚಿಗೆ ಹೋಗ್ತಿರ್ತಾರೆ. ಹನ್ನೆರಡು ಹೊಡೆದ ಮೇಲೆ ಎಷ್ಟೋ ಸಭೆಗಳಲ್ಲಿ ಒಂದು ತಟ್ಟೆಯೋ ಡಬ್ಬಿಯೋ ಬರುತ್ತೆ. ಅದರ ತುಂಬಾ ಚಿಕ್ಕ ಚಿಕ್ಕ ಕಾರ್ಡ್. ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಬೇಕು. ಅದರಲ್ಲಿ ಬರೆದಿರೋ ಬೈಬಲ್ ವಾಕ್ಯವೇ ಆ ವರ್ಷಕ್ಕೆ ನಿಮ್ಮ ವಾಗ್ದಾನ. ಮೊಬೈಲ್ ಕವರ್ ಹಿಂದೆ ಇಟ್ಟುಕೊಳ್ಳೋರು ಇದ್ದಾರೆ, ಫ್ರಿಡ್ಜ್ ಮೇಲೆ ಅಂಟಿಸೋರು ಇದ್ದಾರೆ.

ಈ ಕಾರ್ಡ್‌ಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರೋ ಪುಸ್ತಕ ಕೀರ್ತನೆಗಳು. 23ನೇದು, 37ನೇದು, 91ನೇದು, 121ನೇದು. ದೇವರ ಮೇಲೆ ಭರವಸೆ ಇಡು, ಅವನು ನೋಡಿಕೊಳ್ತಾನೆ ಅನ್ನೋ ಅರ್ಥದ ಸಾಲುಗಳು. ಆಟೋ ಹಿಂದೆ, ಬಾಗಿಲ ಮೇಲೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ, ಎಲ್ಲಾ ಕಡೆ ಇವೇ. ಆದರೆ ಇದೇ ಪುಸ್ತಕದ 88ನೇ ಕೀರ್ತನೆ ಯಾರ ಕಾರ್ಡ್‌ನಲ್ಲೂ ಬರಲ್ಲ. ಬರೋಕೆ ಸಾಧ್ಯವೂ ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈ ವಿಷಯ ನನ್ನನ್ನ ಹಿಡಿದಿಟ್ಟುಕೊಂಡಿದ್ದು 2021ರ ಎರಡನೇ ಅಲೆ ಆದಮೇಲೆ. ಆ ಏಪ್ರಿಲ್, ಮೇ ತಿಂಗಳು 91ನೇ ಕೀರ್ತನೆ ಎಷ್ಟು ಫಾರ್ವರ್ಡ್ ಆಯ್ತು ಅಂತ ಈ ಕಡೆಯವರಿಗೆ ಗೊತ್ತಿದೆ. ಅದನ್ನ ದಿನಾ ಓದಿದ ಮನೆಗಳಲ್ಲೂ ಜನ ತೀರಿಕೊಂಡರು. ಆ ಮನೆಯವರಿಗೆ ಆಮೇಲೆ ಒಂದು ಪ್ರಶ್ನೆ ಉಳಿಯುತ್ತೆ, ಬಾಯಿಬಿಟ್ಟು ಯಾರೂ ಕೇಳಲ್ಲ: ನಮ್ಮ ಭರವಸೆ ಕಡಿಮೆ ಬಿತ್ತಾ? ಇದು ಬರೀ ಭಕ್ತಿಯ ಪ್ರಶ್ನೆ ಅಲ್ಲ, ಇತಿಹಾಸದ ಪ್ರಶ್ನೆ ಕೂಡ. ಈ ಹಾಡುಗಳನ್ನ ನಮಗಿಂತ ಮೊದಲು ಬಳಸಿದವರು ಭರವಸೆ ಅಂದರೆ ಏನು ಅಂದುಕೊಂಡಿದ್ದರು?

ಮೊದಲು ಹೆಸರಿನಿಂದ ಶುರು ಮಾಡೋಣ. ಲಿಂಗರಾಜಪುರದಲ್ಲಿ ಈ ಪುಸ್ತಕಕ್ಕೆ ಒಂದು ಹೆಸರಿಲ್ಲ. ತಮಿಳು ಮನೆಯಲ್ಲಿ ಅದು ಸಂಗೀತಂ, ತೆಲುಗರಿಗೆ ಕೀರ್ತನಲು, ಮಲಯಾಳಿಗಳಿಗೆ ಸಂಕೀರ್ತನಂ, ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸಾಮ್ಸ್, ಕನ್ನಡದಲ್ಲಿ ಕೀರ್ತನೆಗಳು. ಇಷ್ಟು ಭಾಷೆ ಇಲ್ಲಿ ಸೇರೋಕೆ ಕಾರಣ ದಂಡು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನ ಬೆಂಗಳೂರಿಗೆ ತಂದು ಕಂಟೋನ್ಮೆಂಟ್ ಮಾಡಿದರು. ಸೈನ್ಯದ ಹಿಂದೆ ಅಡುಗೆಯವರು, ಗುತ್ತಿಗೆದಾರರು, ಬಟ್ಟೆ ಹೊಲಿಯೋರು, ಗುಮಾಸ್ತರು ಮದರಾಸು ಪ್ರಾಂತ್ಯದಿಂದ ಬಂದರು. ಅವರಲ್ಲಿ ತಮಿಳು ಕ್ರೈಸ್ತರು ಬಹಳ ಜನ. ಹಳೇ ಪೇಟೆ ಕಡೆ ಚರ್ಚುಗಳಲ್ಲಿ ಕನ್ನಡ, ದಂಡಿನ ಕಡೆ ತಮಿಳು ಮತ್ತು ಇಂಗ್ಲಿಷ್, ಹೀಗೆ ಊರು ಎರಡಾಗಿತ್ತು. ದಂಡು ಉತ್ತರಕ್ಕೆ, ಪೂರ್ವಕ್ಕೆ ಬೆಳೀತಾ ಬೆಳೀತಾ ರೈಲ್ವೆ ಲೈನ್ ದಾಟಿತು. ಇವತ್ತು ಒಂದೇ ಬಿಲ್ಡಿಂಗ್‌ನಲ್ಲಿ ಬೆಳಗ್ಗೆ ಒಂದು ಭಾಷೆ, ಸಂಜೆ ಇನ್ನೊಂದು ಭಾಷೆಯ ಆರಾಧನೆ ನಡೆಯೋದು ಇಲ್ಲಿ ಸುದ್ದಿಯೇ ಅಲ್ಲ.

ಹೀಬ್ರೂ ಭಾಷೆಯಲ್ಲಿ ಈ ಪುಸ್ತಕದ ಹೆಸರು ತೆಹಿಲ್ಲೀಮ್. ಅಂದರೆ ಸ್ತುತಿಗಳು. ಹಲ್ಲೆಲೂಯಾ ಅಂತೀವಲ್ಲ, ಅದೂ ಅದೇ ಧಾತುವಿನಿಂದ ಬಂದದ್ದು. ಹೆಸರು ನೋಡಿ ಒಳಗೆ ಹೋದರೆ ಶಾಕ್ ಆಗುತ್ತೆ. ಒಟ್ಟು 150 ಹಾಡುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ದೂರುಗಳು. ಶತ್ರು ಬೆನ್ನು ಹತ್ತಿದ್ದಾನೆ, ಗೆಳೆಯ ಕೈಕೊಟ್ಟ, ಕಾಯಿಲೆ ಬಿದ್ದಿದ್ದೀನಿ, ಊರು ಸುಟ್ಟುಹೋಯ್ತು, ದೇವರೇ ನೀನೆಲ್ಲಿ? 13ನೇ ಕೀರ್ತನೆ ತೀರಾ ಚಿಕ್ಕದು, ಆದರೆ ಎಲ್ಲಿಯವರೆಗೆ ಅನ್ನೋ ಪ್ರಶ್ನೆಯನ್ನ ಶುರುವಿನಲ್ಲೇ ನಾಲ್ಕು ಸಲ ಕೇಳುತ್ತೆ. 137ನೇದು ಬಾಬಿಲೋನಿಗೆ ಸೆರೆಯಾಗಿ ಹೋದವರ ಹಾಡು. ಯೆರೂಸಲೇಮ್ ನಾಶವಾಗಿದ್ದು ಕ್ರಿ.ಪೂ. 586ರ ಸುಮಾರಿಗೆ. ಅದು ಎಷ್ಟು ಸಿಟ್ಟಿನಿಂದ ಮುಗಿಯುತ್ತೆ ಅಂದರೆ ಕೊನೇ ಸಾಲನ್ನ ಬಹಳ ಚರ್ಚುಗಳಲ್ಲಿ ಓದೋದೇ ಇಲ್ಲ.

ಇಲ್ಲಿ ಒಬ್ಬ ಜರ್ಮನ್ ಪಂಡಿತನನ್ನ ಪರಿಚಯ ಮಾಡಬೇಕು. ಹೆರ್ಮನ್ ಗುಂಕೆಲ್, 1862ರಲ್ಲಿ ಹುಟ್ಟಿ 1932ರಲ್ಲಿ ತೀರಿಕೊಂಡವರು. ಇವರು ಕೀರ್ತನೆಗಳನ್ನ ಯಾರು ಬರೆದರು ಅನ್ನೋ ಪ್ರಶ್ನೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು, ಇದು ಯಾವ ಬಗೆಯ ಹಾಡು, ಯಾವ ಸಂದರ್ಭಕ್ಕೆ ಹಾಡುತ್ತಿದ್ದರು ಅಂತ ವಿಂಗಡಿಸಿದರು. ನಾವು ಸೋಬಾನೆ ಪದ ಬೇರೆ, ಬೀಸೋ ಪದ ಬೇರೆ, ಸಾವಿನ ಹಾಡು ಬೇರೆ ಅಂತೀವಲ್ಲ, ಹಾಗೆ. ದೂರಿನ ಹಾಡುಗಳಿಗೆ ಒಂದು ಕಟ್ಟು ಇದೆ ಅಂತ ತೋರಿಸಿದರು. ಮೊದಲು ದೇವರನ್ನ ಕರೆಯೋದು, ಆಮೇಲೆ ದೂರು, ಆಮೇಲೆ ಬೇಡಿಕೆ, ಮಧ್ಯದಲ್ಲಿ ಎಲ್ಲೋ ಒಂದೆರಡು ಸಾಲು ಆದರೂ ನಾನು ನಿನ್ನ ನಂಬಿದ್ದೀನಿ ಅನ್ನೋದು, ಕೊನೆಗೆ ನೀನು ಕಾಪಾಡಿದರೆ ನಿನ್ನ ಹಾಡ್ತೀನಿ ಅನ್ನೋ ಹರಕೆ.

ಈಗ ಮುಖ್ಯವಾದ ಮಾತು. 11, 16, 23, 62, 131, ಇಂಥ ಹಾಡುಗಳಲ್ಲಿ ದೂರೇ ಇಲ್ಲ, ಬರೀ ಭರವಸೆ. ಗುಂಕೆಲ್ ಹೇಳಿದ್ದೇನು ಗೊತ್ತಾ? ಇವು ಬೇರೆ ಎಲ್ಲಿಂದಲೋ ಬಂದದ್ದಲ್ಲ. ದೂರಿನ ಹಾಡಿನೊಳಗಿದ್ದ ಆ ಒಂದೆರಡು ಸಾಲು ಬೆಳೆದು, ಬೇರೆಯಾಗಿ, ತಾನೇ ಒಂದು ಹಾಡಾಯ್ತು. ಅಂದರೆ ಭರವಸೆಯ ಹಾಡಿನ ತಾಯಿ ದೂರಿನ ಹಾಡು. ಎಲ್ಲರಿಗೂ ಬಾಯಿಪಾಠ ಇರೋ ಕುರುಬನ ಹಾಡು, 23ನೇದು, ಅದರಲ್ಲೂ ನೋಡಿ, ಸಾವಿನ ನೆರಳಿನ ಕಣಿವೆ ಇದೆ, ಎದುರಿಗೆ ಶತ್ರುಗಳು ಇದ್ದಾರೆ. ತಾಯಿಯ ಗುರುತು ಮುಖದಲ್ಲಿ ಉಳಿದಿದೆ. ಅದರ ಹಿಂದಿನ ಪುಟ, 22ನೇದು, ದೇವರು ಕೈಬಿಟ್ಟ ಅನ್ನೋ ಕೂಗಿನಿಂದ ಶುರುವಾಗುತ್ತೆ. ಮತ್ತಾಯ ಮತ್ತು ಮಾರ್ಕನ ಸುವಾರ್ತೆಗಳ ಪ್ರಕಾರ ಯೇಸು ಶಿಲುಬೆ ಮೇಲೆ ಕೂಗಿದ್ದು ಅದೇ ಮಾತು. 23 ಅಲ್ಲ, 22.

ಗುಂಕೆಲ್ ಹೇಳಿದ್ದನ್ನೆಲ್ಲ ಇವತ್ತಿನ ಪಂಡಿತರು ಒಪ್ಪಲ್ಲ, ಅದು ಬೇರೆ ಮಾತು. ಆದರೆ ಪುಸ್ತಕದಲ್ಲಿ ದೂರು ಮತ್ತು ಭರವಸೆ ಒಂದೇ ಮನೆಯಲ್ಲಿವೆ ಅನ್ನೋದಕ್ಕೆ ಪಂಡಿತರು ಬೇಕಿಲ್ಲ, ಓದಿದರೆ ಕಾಣುತ್ತೆ.

ಈಗ ಬಳ್ಳಾರಿಗೆ ಹೋಗೋಣ. ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್ನಿನ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿಯೋಕೆ ಇವತ್ತಿನ ಹಾಗೆ ಆ್ಯಪ್ ಬಿಡಿ, ಸರಿಯಾದ ಇಂಗ್ಲಿಷ್ ನಿಘಂಟೂ ಇರಲಿಲ್ಲ. ಮುನ್ಷಿಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಬೈಬಲ್ ಅನುವಾದಕ್ಕೆ ಕೈ ಹಾಕಿದರು. ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಪೂರ್ತಿ ಕನ್ನಡ ಬೈಬಲ್ ಬಂದದ್ದು 1830ರ ದಶಕದ ಶುರುವಿಗೆ. ಅವರ ಜೊತೆಗಾರ ವಿಲಿಯಂ ರೀವ್ ಅದೇ ಕಾಲದಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು, 1832ರಲ್ಲಿ ಅಚ್ಚಾಯ್ತು. ಪಾದ್ರಿಗಳ ಹೆಸರು ಇತಿಹಾಸದಲ್ಲಿ ಉಳೀತು, ಪಕ್ಕದಲ್ಲಿ ಕೂತು ಪದ ಹುಡುಕಿಕೊಟ್ಟ ಮುನ್ಷಿಗಳದ್ದು ಹೆಚ್ಚಾಗಿ ಉಳೀಲಿಲ್ಲ. ನನಗೆ ಇದು ಯಾವಾಗಲೂ ಬೇಜಾರಿನ ವಿಷಯ. ಆಮೇಲೆ ಬೇರೆ ಬೇರೆ ಮಿಷನ್‌ನವರು ಸೇರಿ ಆ ಅನುವಾದವನ್ನ ತಿದ್ದಿದರು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅದರಲ್ಲಿ ದೊಡ್ಡ ಹೆಸರು. ಬೆಂಗಳೂರಿನಲ್ಲಿ ಬೆಂಜಮಿನ್ ರೈಸ್ ಇದ್ದರು. 1837ರಲ್ಲಿ ಬಂದು 1887ರಲ್ಲಿ ಸಾಯೋವರೆಗೆ ಐವತ್ತು ವರ್ಷ ಇಲ್ಲೇ. ಅವೆನ್ಯೂ ರೋಡ್‌ನಲ್ಲಿ ಪುಸ್ತಕ ಕೊಳ್ಳೋಕೆ ಹೋದಾಗ ರೈಸ್ ಮೆಮೋರಿಯಲ್ ಚರ್ಚ್ ನೋಡಿರ್ತೀರಿ, ಅದು ಅವರ ಹೆಸರು. ನಮ್ಮ ಶಾಸನಗಳನ್ನ ಸಂಗ್ರಹಿಸಿದ ಲೂಯಿಸ್ ರೈಸ್ ಅವರ ಮಗ.

ಈ ಅನುವಾದದಲ್ಲಿ ಎರಡು ಪದ ನನಗೆ ಮುಖ್ಯ ಅನ್ಸುತ್ತೆ. ಒಂದು, ಭರವಸ. ಹಳೇ ಕನ್ನಡ ಬೈಬಲ್‌ನಲ್ಲಿ ದೇವರಲ್ಲಿ ಭರವಸವಿಡು ಅಂತ ಬರುತ್ತೆ. ಹಿಂದಿಯ ಭರೋಸಾಗೆ ನೆಂಟ ಈ ಪದ. ನಮಗೆ ಇವತ್ತು ಭರವಸೆ ಅಂದ ತಕ್ಷಣ ನೆನಪಾಗೋದು ಚುನಾವಣೆ: ಮಂತ್ರಿಗಳು ಭರವಸೆ ನೀಡಿದರು, ಈಡೇರಲಿಲ್ಲ. ಆ ಅರ್ಥದಲ್ಲಿ ಭರವಸೆ ಕೊಡೋದು ಮೇಲಿರೋನು, ಕಾಯೋದು ಕೆಳಗಿರೋನು. ಹಳೇ ಬೈಬಲ್‌ನ ಕನ್ನಡದಲ್ಲಿ ಕ್ರಿಯಾಪದ ಉಲ್ಟಾ. ಭರವಸ ಕೊಡೋದಲ್ಲ, ಇಡೋದು. ತಲೆ ಮೇಲಿನ ಹೊರೆಯನ್ನ ಒಂದು ಕಲ್ಲಿನ ಮೇಲೆ ಇಡ್ತೀವಲ್ಲ, ಹಾಗೆ. ಊರ ದಾರಿಯಲ್ಲಿ ಹೊರೆಗಲ್ಲು ನೋಡಿದ್ದರೆ ನಾನು ಹೇಳ್ತಿರೋದು ಗೊತ್ತಾಗುತ್ತೆ. ವಾಗ್ದಾನ ಕಾರ್ಡ್ ಮಾಡೋದು ಮೊದಲನೇ ಅರ್ಥದ ಭರವಸೆ. ಕೀರ್ತನೆಗಳಲ್ಲಿ ಹೆಚ್ಚು ಇರೋದು ಎರಡನೇದು.

ಇನ್ನೊಂದು ಪದ ಕೀರ್ತನೆ. ಇದು ಚರ್ಚಿನಲ್ಲಿ ಹುಟ್ಟಿದ ಪದ ಅಲ್ಲ. ಪುರಂದರದಾಸರು, ಕನಕದಾಸರು ಹಾಡಿದ್ದು ಕೀರ್ತನೆ. ದಾಸರ ಹಾಡುಗಳನ್ನ ಮೊದಮೊದಲು ಅಚ್ಚು ಹಾಕಿದವರಲ್ಲಿ ಒಬ್ಬರು ಯಾರು ಗೊತ್ತಾ? ಹೆರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್ನಿನ ಪಾದ್ರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದರಲ್ಲ, ಅವರೇ. 1850ರಲ್ಲಿ ಅವರ ದಾಸರ ಪದಗಳು ಸಂಗ್ರಹ ಹೊರಬಂತು. ವೈಗ್ಲೆ ಅವರ ಸಂಬಂಧಿ. ಅಂದರೆ ಒಂದೇ ಮಿಷನ್, ಒಂದೇ ಕಾಲ. ಒಬ್ಬರು ಬೈಬಲ್ ತಿದ್ದುತ್ತಿದ್ದಾರೆ, ಇನ್ನೊಬ್ಬರು ದಾಸರ ಪದ ಅಚ್ಚು ಹಾಕಿಸ್ತಿದ್ದಾರೆ. ಮತಪ್ರಚಾರಕ್ಕೆ ಬಂದವರು ಇವರು, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಜನರನ್ನ ಅರ್ಥ ಮಾಡಿಕೊಳ್ಳೋಕೆ ಜನರ ಹಾಡು ಬೇಕಿತ್ತು. ಆದರೆ ಕಿವಿ ಇತ್ತು ಅನ್ನೋದನ್ನ ಒಪ್ಪಬೇಕು.

ದಾಸರ ಕೀರ್ತನೆಯಲ್ಲಿ ಬರೀ ಹೊಗಳಿಕೆ ಇದೆಯಾ? ಇಲ್ಲ. ನಿಂದಾಸ್ತುತಿ ಅಂತಲೇ ಒಂದು ಬಗೆ ಇದೆ. ದೇವರನ್ನ ಕೆಣಕೋದು, ಬಯ್ಯೋದು, ನಿನಗಿಂತ ನಿನ್ನ ಹೆಸರೇ ಮೇಲು ಅನ್ನೋ ಧಾಟಿಯಲ್ಲಿ ಜಗಳಕ್ಕೆ ನಿಲ್ಲೋದು. ವಚನಕಾರರೂ ತಮ್ಮ ದೇವರ ಹತ್ತಿರ ಖಾರವಾಗಿ ಮಾತಾಡಿದ್ದಾರೆ. ಬಯ್ಯಬೇಕು ಅಂದರೆ ಎದುರಿಗೆ ಒಬ್ಬ ಇದ್ದಾನೆ, ಕೇಳಿಸಿಕೊಳ್ತಾನೆ ಅನ್ನೋ ನಂಬಿಕೆ ಬೇಕಲ್ವಾ? ಗೊತ್ತಿಲ್ಲದ ಮನೆ ಬಾಗಿಲು ಬಡಿದು ಯಾರೂ ಜಗಳ ಆಡಲ್ಲ. ಹಾಗಾಗಿ ತೆಹಿಲ್ಲೀಮ್‌ಗೆ ಕೀರ್ತನೆ ಅನ್ನೋ ಪದ ಕೂತಿದ್ದು ತಮಿಳಿನ ಸಂಗೀತಂಗಿಂತ ಸರಿಯಾಗಿ ಕೂತಿದೆ ಅಂತ ನನ್ನ ಅಭಿಪ್ರಾಯ. ತಮಿಳು ಫ್ರೆಂಡ್ಸ್ ಕಾಮೆಂಟ್‌ನಲ್ಲಿ ಬಯ್ಯಬಹುದು, ಅದಕ್ಕೂ ಸ್ವಾಗತ.

ಈಗ 91ನೇ ಕೀರ್ತನೆಗೆ ವಾಪಸ್ ಬರೋಣ. ಹಳೇ ಕಥೋಲಿಕ ಪ್ರಾರ್ಥನಾ ಪುಸ್ತಕಗಳಲ್ಲಿ ಇದು 90 ಆಗಿರುತ್ತೆ, ಯಾಕಂದ್ರೆ ಗ್ರೀಕ್, ಲ್ಯಾಟಿನ್ ಅನುವಾದಗಳಲ್ಲಿ ಎಣಿಕೆ ಬೇರೆ. ಅಜ್ಜಿಯ ಪುಸ್ತಕಕ್ಕೂ ನಿಮ್ಮ ಆ್ಯಪ್‌ಗೂ ನಂಬರ್ ತಾಳೆ ಆಗದಿದ್ದರೆ ಗಾಬರಿ ಬೇಡ. ಹಕ್ಕಿ ರೆಕ್ಕೆ ಕೆಳಗೆ ಮರಿಗಳನ್ನ ಇಟ್ಟುಕೊಳ್ಳೋ ಹಾಗೆ ದೇವರು ಕಾಪಾಡ್ತಾನೆ, ವ್ಯಾಧಿ ಬಂದು ಸುತ್ತ ಸಾವಿರಾರು ಜನ ಸತ್ತರೂ ನಿನ್ನನ್ನ ಮುಟ್ಟಲ್ಲ, ಇದು ಅದರ ಸಾರ. ಸತ್ತ ಸಮುದ್ರದ ಹತ್ತಿರ ಕುಮ್ರಾನಿನ 11ನೇ ಗುಹೆಯಲ್ಲಿ ಸಿಕ್ಕ ಒಂದು ಸುರುಳಿಯಲ್ಲಿ ಈ ಕೀರ್ತನೆ ದೆವ್ವ ಬಿಡಿಸೋ ಮಂತ್ರಗಳ ಜೊತೆ ಇದೆ. ಈಜಿಪ್ಟಿನಲ್ಲಿ ಪಪೈರಸ್ ತುಂಡಿನ ಮೇಲೆ ಬರೆದು ತಾಯಿತದ ಹಾಗೆ ಇಟ್ಟುಕೊಂಡಿದ್ದಾರೆ. ಅಂದರೆ ಹೆಣ್ಣೂರು ರೋಡಿನ ಆಟೋ ಸ್ಟಿಕ್ಕರ್‌ಗೆ ಎರಡು ಸಾವಿರ ವರ್ಷದ ಹಿನ್ನೆಲೆ ಇದೆ. ನಗೋ ವಿಷಯ ಅಲ್ಲ ಇದು. ಭಯ ಆದಾಗ ಕೈಗೆ ಏನಾದರೂ ಹಿಡಿದುಕೊಳ್ಳೋಕೆ ಬೇಕು.

ಆದರೆ ಬೈಬಲ್ಲಿನೊಳಗೇ ಈ ಕೀರ್ತನೆಯನ್ನ ಒಬ್ಬ ಗ್ಯಾರಂಟಿ ಕಾರ್ಡ್ ತರ ಬಳಸ್ತಾನೆ. ಯಾರು? ಸೈತಾನ. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೋಡಿ. ಯೇಸುವನ್ನ ದೇವಾಲಯದ ತುದಿಗೆ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ತಾರೆ ಅಂತ 91ನೇ ಕೀರ್ತನೆಯನ್ನೇ ಹೇಳ್ತಾನೆ. ಯೇಸು ಒಪ್ಪಲ್ಲ, ದೇವರನ್ನ ಪರೀಕ್ಷೆ ಮಾಡಬಾರದು ಅಂತಾರೆ.

1527ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್‌ನಲ್ಲಿ ಪ್ಲೇಗ್ ಬಂತು. ವಿಶ್ವವಿದ್ಯಾಲಯ ಊರು ಬಿಟ್ಟು ಹೋಯ್ತು, ಮಾರ್ಟಿನ್ ಲೂಥರ್ ಉಳಿದುಕೊಂಡರು. ಪ್ಲೇಗ್ ಬಂದಾಗ ಓಡಿಹೋಗಬಹುದಾ ಅಂತ ಬೇರೆ ಊರಿನ ಪಾದ್ರಿಗಳು ಕೇಳಿದ್ದಕ್ಕೆ ಅವರು ಬರೆದ ಉದ್ದನೆಯ ಉತ್ತರ ಇವತ್ತಿಗೂ ಸಿಗುತ್ತೆ. ನೋಡಿಕೊಳ್ಳಬೇಕಾದ ಜನ ಇದ್ದರೆ ಬಿಟ್ಟು ಹೋಗಬೇಡಿ, ಆದರೆ ಔಷಧಿ ತಗೊಳ್ಳಿ, ಮನೆಗೆ ಹೊಗೆ ಹಾಕಿ, ಅಗತ್ಯ ಇಲ್ಲದ ಕಡೆ ಹೋಗಬೇಡಿ. ಔಷಧಿ ಬೇಡ ಅನ್ನೋದು ಭರವಸೆ ಅಲ್ಲ, ದೇವರನ್ನ ಕೆಣಕೋದು, ಇದು ಅವರ ವಾದ.

ನಮ್ಮೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ. ಎರಡು ವರ್ಷ ಮೊದಲು ಬೊಂಬಾಯಿಗೆ ಬಂದದ್ದು ರೈಲು ಹತ್ತಿ ಇಲ್ಲಿಗೂ ತಲುಪಿತು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮಾಂಡ್ ಅನ್ನೋ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ಕಂಡುಹಿಡಿದರು. ಅದನ್ನ ಜನ ಒಪ್ಪೋಕೆ ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಕಾರಣ ಗೊತ್ತಿಲ್ಲದ ಸಾವು. ಪೇಟೆಯಲ್ಲಿ, ದಂಡಿನಲ್ಲಿ ಜನ ಮನೆ ಬಿಟ್ಟು ಬಯಲಿಗೆ ಹೋದರು. ಪ್ಲೇಗಮ್ಮನ ಗುಡಿಗಳು ಎದ್ದವು, ಕೆಲವು ಇವತ್ತೂ ಇವೆ. ಮುಂದಿನ ದಶಕದಲ್ಲಿ ದಂಡಿನ ಇಕ್ಕಟ್ಟು ಕಡಿಮೆ ಮಾಡೋಕೆ ಅಗಲ ರಸ್ತೆ, ಗಾಳಿ ಬೆಳಕು, ಇಲಿ ಸೇರದ ಮನೆಗಳು ಅನ್ನೋ ಲೆಕ್ಕದಲ್ಲಿ ಹೊಸ ಬಡಾವಣೆ ಮಾಡಿದರು. ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಸರ್ ಹೆಸರಿನಲ್ಲಿ ಅದು ಫ್ರೇಸರ್ ಟೌನ್ ಆಯ್ತು. ಲಿಂಗರಾಜಪುರ ಫ್ಲೈಓವರ್‌ನಿಂದ ಅಲ್ಲಿಗೆ ಸ್ಕೂಟರ್‌ನಲ್ಲಿ ಕೆಲವೇ ನಿಮಿಷ. ಅಲ್ಲಿ ಮನೆ ಮಾಡಿದ ಕ್ರೈಸ್ತ ಕುಟುಂಬಗಳು ಕೀರ್ತನೆಯನ್ನೂ ಓದಿದರು, ಇಲಿ ಬರದ ಮನೆಗೂ ಬಾಡಿಗೆ ಕಟ್ಟಿದರು. ಎರಡರ ಮಧ್ಯೆ ಜಗಳ ಇದೆ ಅಂತ ಅವರಿಗೆ ಅನ್ನಿಸೋ ಕಾರಣ ಇರಲಿಲ್ಲ.

ಆ ತಲೆಮಾರಿಗೂ ನಮಗೂ ಇನ್ನೊಂದು ವ್ಯತ್ಯಾಸ ಇದೆ, ನನಗೆ ಇದೇ ದೊಡ್ಡದು ಅನ್ಸುತ್ತೆ. ದಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ, ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ, ಇಂಥ ಕಡೆ ಬಳಕೆಯಲ್ಲಿದ್ದ ಬುಕ್ ಆಫ್ ಕಾಮನ್ ಪ್ರೇಯರ್‌ನಲ್ಲಿ 150 ಕೀರ್ತನೆಗಳನ್ನ ತಿಂಗಳ 30 ದಿನಕ್ಕೆ, ಬೆಳಗ್ಗೆ ಸಂಜೆ ಅಂತ ಹಂಚಿದ್ದಾರೆ. ಅದನ್ನ ಹಿಡಿದು ದಿನಾ ಪ್ರಾರ್ಥನೆ ಮಾಡೋರಿಗೆ ಆಯ್ಕೆಯೇ ಇಲ್ಲ. ಖುಷಿ ಇರಲಿ, ದುಃಖ ಇರಲಿ, ಇವತ್ತು ತಾರೀಕು ಎಷ್ಟೋ ಆ ಕೀರ್ತನೆ. 4ನೇ ತಾರೀಕು ಸಂಜೆ 22 ಮತ್ತು 23 ಒಟ್ಟಿಗೆ ಬರುತ್ತೆ: ಕೈಬಿಟ್ಟ ಅನ್ನೋ ಕೂಗು, ಅದಾದ ತಕ್ಷಣ ಕುರುಬ. 28ರ ಸಂಜೆ ಬಾಬಿಲೋನಿನ ಸಿಟ್ಟು. ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ತಲೆಗೆ ಹೊಳೆಯೋದು ಲೆಡ್ಜರ್. ಎರಡೂ ಕಡೆ ಎಂಟ್ರಿ ಇದ್ದರೇ ಅದು ಲೆಕ್ಕ. ವಾಗ್ದಾನ ಕಾರ್ಡ್ ಅಂದರೆ ಕ್ರೆಡಿಟ್ ಕಡೆ ಮಾತ್ರ ಕತ್ತರಿಸಿಕೊಟ್ಟ ಹಾಳೆ. ಒಳ್ಳೇ ವರ್ಷದಲ್ಲಿ ಗೊತ್ತಾಗಲ್ಲ. 2021ರಂಥ ವರ್ಷದಲ್ಲಿ ಮನೆಯಲ್ಲಿ ಸಾವಾದಾಗ, ಹೇಳಿಕೊಳ್ಳೋಕೆ ಒಂದು ಸಾಲೂ ಕೈಯಲ್ಲಿ ಇರಲ್ಲ. ದೂರು ಕೊಡೋದೇ ಅವಿಶ್ವಾಸ ಅಂತ ಅನ್ನಿಸಿಬಿಡುತ್ತೆ. ಆ ದೂರಿಗೂ ಅದೇ ಪುಸ್ತಕದಲ್ಲಿ ಜಾಗ ಇತ್ತು, ಕಾರ್ಡ್‌ನಲ್ಲಿ ಇರಲಿಲ್ಲ ಅಷ್ಟೇ.

88ನೇ ಕೀರ್ತನೆ ಬಗ್ಗೆ ಹೇಳ್ತೀನಿ ಅಂದಿದ್ದೆ. ದೂರಿನ ಹಾಡುಗಳೆಲ್ಲ ಸಾಮಾನ್ಯವಾಗಿ ಕೊನೆಗೆ ತಿರುಗಿಕೊಳ್ತವೆ, ಒಂದು ಸಮಾಧಾನ, ಒಂದು ಹರಕೆ ಬರುತ್ತೆ. ಇದು ತಿರುಗಲ್ಲ. ಕಾಯಿಲೆಯವನೊಬ್ಬ ಹಗಲೂ ರಾತ್ರಿ ಕೂಗ್ತಾನೆ, ಗೆಳೆಯರು ದೂರವಾಗಿದ್ದಾರೆ, ಅದಕ್ಕೂ ದೇವರೇ ಕಾರಣ ಅಂತಾನೆ. ಹೀಬ್ರೂ ಮೂಲದಲ್ಲಿ ಕೊನೇ ಪದ ಕತ್ತಲೆ. ಅಲ್ಲಿಗೆ ಮುಗೀತು. ಇದನ್ನ ಸಂಗ್ರಹಕ್ಕೆ ಸೇರಿಸಿದವರು ಕೊನೆಗೆ ಒಂದು ಒಳ್ಳೇ ಸಾಲು ಅಂಟಿಸಬಹುದಿತ್ತು, ಅಂಟಿಸಲಿಲ್ಲ. ಆದರೆ ಈ ಮನುಷ್ಯ ಹಾಡಿನ ಶುರುವಿನಲ್ಲಿ ದೇವರನ್ನ ಏನಂತ ಕರೀತಾನೆ ನೋಡಿ: ನನ್ನನ್ನ ರಕ್ಷಿಸೋ ದೇವರು ಅಂತ. ಇಡೀ ಹಾಡಿನಲ್ಲಿ ಅಷ್ಟೇ.

ಆ ಹಳೇ ಪ್ರಾರ್ಥನಾ ಪುಸ್ತಕದಲ್ಲಿ 88ನೇದು ಬರೋದು 17ನೇ ತಾರೀಕು ಬೆಳಗ್ಗೆ. 91ನೇದು 18ನೇ ತಾರೀಕು ಬೆಳಗ್ಗೆ. ಮಧ್ಯೆ ಒಂದು ರಾತ್ರಿ.

ನಿಮ್ಮ ಮನೆಯಲ್ಲಿ ಹಳೇ ಕನ್ನಡ ಅಥವಾ ತಮಿಳು ಬೈಬಲ್ ಇದ್ದು, ಅದರ ಮೊದಲ ಪುಟದಲ್ಲಿ ಹಿರಿಯರು ಹುಟ್ಟಿದ್ದು, ಮದುವೆ, ಸಾವಿನ ತಾರೀಕು ಬರೆದಿಟ್ಟಿದ್ದರೆ ವಾಯ್ಸ್ ನೋಟ್‌ನಲ್ಲಿ ಹೇಳಿ ಕಳಿಸಿ. ಕೀರ್ತನೆಗಳ ಪುಟಗಳಲ್ಲಿ ಯಾವುದು ಹೆಚ್ಚು ಸವೆದಿದೆ, ಯಾವುದರ ಪಕ್ಕ ಪೆನ್ಸಿಲ್ ಗೆರೆ ಇದೆ, ಅದನ್ನೂ ನೋಡಿ ಹೇಳಿ. ಮುಂದಿನ ವಾರ ಸಿಗೋಣ.